ಗೋಡೆ ಗ್ಯಾಲರಿಯ ಕೊನೆಯ ಪೆನಾಲ್ಟಿ

"ಅದು ಹಲ್ಲಿ ಅಲ್ಲಕ್ಕ, ಕಲೆ," ಎಂದ ಪಂಕ್ಚರ್. "ಮಳೆ ನೀರು ಇಳಿದು ಆಗಿದ್ದ ಕಲೆ. ಹಲ್ಲಿ ಆಗಿದ್ರೆ ಅಷ್ಟು ಹೊತ್ತು ಅಲ್ಲಾಡದೆ ಇರ್ತಿತ್ತಾ?"

"ಹಲ್ಲೀನೇ," ಎಂದಳು ದರ್ಜಿಯಕ್ಕ. "ನಮ್ಮ ಹಾಗೇ ಉಸಿರು ಬಿಗಿ ಹಿಡ್ಕೊಂಡು ನಿಂತಿತ್ತು. ಆ ಕಡೆಯಿಂದ ಗೋಲು ಅಂತ ಕೂಗು ಬಂತು ನೋಡು, ಸರ್ರಂತ ಓಡಿಹೋಯ್ತು. ಕಲೆ ಓಡಿಹೋಗತ್ತಾ?"

ಇಬ್ಬರ ನಡುವೆ ಬೀಗದಣ್ಣ ಕೂತಿದ್ದ. ಹಲ್ಲಿಯ ಈ ಜಗಳ ಎಷ್ಟೋ ವರ್ಷಗಳಿಂದ ನಡೆದುಬಂದದ್ದು. ಯಾರಾದರೂ ಒಬ್ಬರು ಸೋತರೆ ಉಳಿದವರಿಗೆ ಬೇಜಾರಾಗುವಂಥ ಜಗಳ. ಕಪ್ ಸೆಮಿಫೈನಲ್‌ನಲ್ಲಿ ಮಿಡತೆ ಎಂಬ ಅಡ್ಡಹೆಸರಿನ ನಮ್ಮ ಆಟಗಾರ ಹೊಡೆದ ಆ ಪೆನಾಲ್ಟಿಯ ಬಗ್ಗೆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಓಡಿ ಬಂದ, ಅರೆಗಳಿಗೆ ತಡೆದ, ಗೋಲ್‌ಕೀಪರ್ ಒಂದು ಕಡೆ ಬಿದ್ದ, ಚೆಂಡು ಇನ್ನೊಂದು ಕಡೆ ನಿಧಾನಕ್ಕೆ ಉರುಳಿಕೊಂಡು ಹೋಯಿತು. ಆ ಹೊತ್ತಿನಲ್ಲಿ ಗೋಲುಕಂಬದ ನೇರ ಹಿಂದೆಯೇ ನಿಂತಿದ್ದ ಈ ಮೂವರಿಗೆ ಮಾತ್ರ ಅದು ಯಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಹಲ್ಲಿ.

ಯಾಕೆಂದರೆ ಅವರು ಗೋಡೆ ಗ್ಯಾಲರಿಯವರು. ಮೈದಾನದ ಒಂದು ತುದಿಯಲ್ಲಿ, ಗೋಲಿನ ಹಿಂದೆ, ಕಾಂಕ್ರೀಟಿನ ಮೆಟ್ಟಿಲುಗಳು ಮೇಲೇರಿ ಹೋಗಿ ಒಂದು ಎತ್ತರದ ಗೋಡೆಗೆ ಮುಗಿಯುತ್ತವೆ. ಆ ಗ್ಯಾಲರಿಗೆ ಒಂದು ಪದ್ಧತಿ ಇತ್ತು. ನಮ್ಮ ತಂಡಕ್ಕೆ ಪೆನಾಲ್ಟಿ ಸಿಕ್ಕಿತೆಂದರೆ ಅಲ್ಲಿದ್ದವರೆಲ್ಲ ಎದ್ದು, ಮೈದಾನಕ್ಕೆ ಬೆನ್ನು ಹಾಕಿ, ಅಕ್ಕಪಕ್ಕದವರ ಮೊಣಕೈಗೆ ಮೊಣಕೈ ಸಿಕ್ಕಿಸಿ, ಗೋಡೆ ನೋಡುತ್ತ ನಿಲ್ಲಬೇಕು. ಉಳಿದ ಮೂರು ಕಡೆಯಿಂದ ಕೂಗು ಎದ್ದರೆ ಗೋಲು. ಎದುರಾಳಿಗಳು ಕೂರುವ ಆ ದೂರದ ಮೂಲೆಯಿಂದ ಮಾತ್ರ ಕೂಗು ಬಂದರೆ, ಮುಗಿಯಿತು.

ಇದನ್ನು ಯಾರೂ ಸಭೆ ಸೇರಿಸಿ ತೀರ್ಮಾನ ಮಾಡಿದ್ದಲ್ಲ. ಬಹಳ ಹಿಂದೆ ಒಂದು ವರ್ಷ ಕಪ್ ಫೈನಲ್‌ನಲ್ಲಿ ಎಲ್ಲರೂ ಕಣ್ಣರಳಿಸಿ ನೋಡುತ್ತಿರುವಾಗಲೇ ನಮ್ಮವನೊಬ್ಬ ಪೆನಾಲ್ಟಿಯನ್ನು ಮೈದಾನದ ಹೊರಗಿನ ರಸ್ತೆಗೆ ಹೊಡೆದ. ಮರುವರ್ಷ ಮತ್ತೆ ಫೈನಲ್, ಮತ್ತೆ ಪೆನಾಲ್ಟಿ. ಅದೇ ಗಳಿಗೆಗೆ ಗಾಳಿಯ ಜೊತೆ ಮಳೆ ಮುಖಕ್ಕೆ ರಾಚತೊಡಗಿತು. ಗ್ಯಾಲರಿಯವರೆಲ್ಲ ಕೈಗೆ ಸಿಕ್ಕ ಗೋಣಿತಟ್ಟು, ಟಾರ್ಪಾಲು, ಪತ್ರಿಕೆಗಳನ್ನು ತಲೆಯ ಮೇಲೆ ಎಳೆದುಕೊಂಡು ಹಿಂದಕ್ಕೆ ತಿರುಗಿದರು. ಗೋಲಾಯಿತು, ಕಪ್ ಬಂತು. ಅಲ್ಲಿಂದ ಮುಂದೆ ಬಿಸಿಲಿರಲಿ ಮೋಡವಿರಲಿ, ಯಾರೂ ಮೈದಾನದ ಕಡೆ ನೋಡಲಿಲ್ಲ. ನಡುವೆ ಕೆಲವು ಪೆನಾಲ್ಟಿಗಳು ತಪ್ಪಿದ್ದೂ ಉಂಟು. ಆಗೆಲ್ಲ ಯಾರೋ ಕದ್ದು ನೋಡಿದರೆಂದು ಪತ್ತೆಯಾಗುತ್ತಿತ್ತು. ಒಮ್ಮೆ ಆ ಅಪವಾದ ಬೇಕರಿ ಯಜಮಾನರ ಹೊಸ ಅಳಿಯನ ತಲೆಗೆ ಬಂತು. ಪಾಪದ ಹುಡುಗ ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ. ಮೊಣಕೈ ಸಿಕ್ಕಿಸುವ ಏರ್ಪಾಡು ಬಂದದ್ದು ಅವನಿಂದಲೇ.

ಹೀಗಾಗಿ ಗೋಡೆ ಗ್ಯಾಲರಿಯವರ ದೊಡ್ಡ ನೆನಪುಗಳೆಲ್ಲ ಗೋಡೆಯ ನೆನಪುಗಳು. ಛತ್ರಿ ಕಂಪನಿಯ ಜಾಹೀರಾತು ಇದ್ದ ವರ್ಷ, ಸುಣ್ಣ ಹಸಿಯಾಗಿದ್ದ ವರ್ಷ, ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದ್ದ ವರ್ಷ. ಅರಳಿ ಗಿಡ ಕಿತ್ತ ವರ್ಷ ತಂಡ ಮೊದಲ ಸುತ್ತಿನಲ್ಲೇ ಮಣ್ಣುಮುಕ್ಕಿತು. ಕಿತ್ತವನ ಹೆಸರೆತ್ತಿದರೆ ದರ್ಜಿಯಕ್ಕ ಈಗಲೂ ಹಲ್ಲು ಕಡಿಯುತ್ತಾಳೆ.

ಇವತ್ತು ಈ ಮೈದಾನದ ಕೊನೆಯ ಆಟ. ಇನ್ನು ಕೆಲವು ದಿನಗಳಲ್ಲಿ ಕೆಡವುವ ಯಂತ್ರಗಳು ಬರುತ್ತವೆ. ಹೊಸ ಮೈದಾನ ಊರ ಹೊರಗಿದೆ. ಅಲ್ಲಿ ಪ್ರತಿಯೊಬ್ಬರಿಗೂ ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಸೂರು, ಹಿಂದೆ ಗಾಜು. ಗೋಡೆಯೇ ಇಲ್ಲವಂತೆ. ಪೆನಾಲ್ಟಿ ಸಿಕ್ಕರೆ ನಾವು ಎಲ್ಲಿ ನೋಡೋದು, ಗಾಜಿನಲ್ಲಿ ನಮ್ಮ ಮುಸುಡಿಯನ್ನೇ ನೋಡ್ಕೋಬೇಕಾ ಎಂದು ಪಂಕ್ಚರ್ ಬೆಳಗಿನಿಂದ ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಸೈಕಲ್ ರಿಪೇರಿ ಅಂಗಡಿಯ ಆ ಮನುಷ್ಯನಿಗೆ ಯಾವ ವಿಷಯದಲ್ಲೂ ಗಾಳಿ ಎಲ್ಲಿ ಸೋರುತ್ತಿದೆ ಎಂಬುದೇ ಮೊದಲು ಕಾಣುವುದು.

ಗ್ಯಾಲರಿ ಕಿಕ್ಕಿರಿದು ತುಂಬಿತ್ತು. ಆದರೆ ಅವರು ಯಾರೂ ಆಟ ನೋಡಲು ಬಂದವರಲ್ಲ. ಗಂಡಸರ ತಂಡ ಈ ವರ್ಷ ಬೇಗನೆ ಸೋತು ಮನೆ ಸೇರಿತ್ತು. ಉಳಿದದ್ದು ಹೆಣ್ಣುಮಕ್ಕಳ ಕಪ್ ಫೈನಲ್, ಅದೂ ನದಿಯಾಚೆಯ ತಂಡದ ಮೇಲೆ. ಇಷ್ಟು ವರ್ಷ ಮೈದಾನದ ಹಿಂದಿನ ಮಣ್ಣಿನ ಬಯಲಿನಲ್ಲಿ ಆಡುತ್ತಿದ್ದ ಹುಡುಗಿಯರಿಗೆ ಒಳಗಿನ ಹುಲ್ಲು ಸಿಕ್ಕಿದ್ದು ಈ ಕೊನೆಯ ತಿಂಗಳುಗಳಲ್ಲಿ, ಯಾರಿಗೂ ಬೇಡವಾದ ಮೇಲೆ. ನಾನು ಈ ಮೆಟ್ಟಿಲುಗಳಿಗೆ ಕೊನೇ ಸಲ ಹೋಗಿಬರ್ತೀನಿ ಅಂತ ಹೇಳೋಕೆ ಬಂದೆ, ಆಟಕ್ಕಲ್ಲ ಎಂದು ಬೇಕರಿ ಯಜಮಾನರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಆಮೇಲೆ ಬೀಗದಣ್ಣನ ಮುಖ ನೋಡಿ, ನಿನ್ನ ಮಗಳಿದ್ದಾಳಲ್ಲ, ಅದೂ ಒಂದು ಕಾರಣ ಅನ್ನು ಎಂದು ತೇಪೆ ಹಚ್ಚಿದರು.

ಬೀಗದಣ್ಣನ ಕಿವಿಗೆ ಅದು ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಅವನ ತಲೆ ತುಂಬ ಬೆಳಗಿನ ಮಾತೇ ಸುತ್ತುತ್ತಿತ್ತು.

ಬೆಳಿಗ್ಗೆ ಅವನು ಅಂಗಡಿ ತೆರೆದು ಒಬ್ಬರ ಬೀರುವಿನ ಬೀಗಕ್ಕೆ ಅರದಿಂದ ಇನ್ನೊಂದು ಕೀಲಿ ಉಜ್ಜುತ್ತಿದ್ದ. ಹಿತ್ತಾಳೆಯ ಪುಡಿ ತೊಡೆಯ ಮೇಲಿನ ಬಟ್ಟೆಗೆ ಉದುರುತ್ತಿತ್ತು. ಮಗಳು ಆಟದ ಚೀಲ ಹೆಗಲಿಗೇರಿಸಿಕೊಂಡು ಬಂದು ಬಾಗಿಲಿಗೆ ಒರಗಿದಳು. ಹೊರಡುವ ಮುಂಚೆ ಒಂದು ಮಾತು ಹೇಳಿಹೋಗುವವಳ ಹಾಗೆ ನಿಂತಿದ್ದಳು.

"ಅಪ್ಪ, ಇವತ್ತು ಪೆನಾಲ್ಟಿ ಸಿಕ್ರೆ ಹೊಡೆಯೋದು ನಾನೇ."

"ಗೊತ್ತು."

"ನೀನು ನೋಡಬೇಕು."

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ.

"ಹೋದ ಸಲ ಇಲ್ಲೇ ಹೊಡೆದೆನಲ್ಲ, ಆವಾಗ ಚೆಂಡು ಇಟ್ಟು ತಲೆ ಎತ್ತಿದೆ. ಎದುರಿಗೆ ಇಡೀ ಗ್ಯಾಲರಿ ಖಾಲಿ. ಮೇಲೆ ಎರಡು ಬೆನ್ನು. ಒಂದು ದರ್ಜಿಯಕ್ಕಂದು, ಒಂದು ನಿಂದು. ಅದೃಷ್ಟಕ್ಕೆ ಹಾಗೆ ನಿಲ್ತಾರೆ ಅಂತ ನನಗೂ ಗೊತ್ತು. ಆದ್ರೆ ಅಲ್ಲಿ ನಿಂತು ನೋಡೋವಾಗ ಹಾಗೆ ಕಾಣಲ್ಲಪ್ಪ. ಬೇಡದವಳು ಬಂದ್ಳು ಅಂತ ಮುಖ ತಿರುಗಿಸಿದ ಹಾಗೆ ಕಾಣತ್ತೆ."

ಅವನ ಕೈಯಲ್ಲಿದ್ದ ಅರ ಕೀಲಿಯ ಹಲ್ಲಿನ ಮೇಲೆ ಒಂದು ಉಜ್ಜು ಹೆಚ್ಚೇ ಉಜ್ಜಿತು. ಆ ಕೀಲಿ ಹಾಳಾಯಿತು. ಹೋದ ಸಲ ಅವಳು ಹೊಡೆದ ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಗಿತ್ತೆಂದು ಅವನಿಗೆ ಆಮೇಲೆ ಹೆಂಡತಿ ಹೇಳಿದ್ದಳು. ಕಂಬಕ್ಕೆ ಯಾಕೆ ಬಡಿಯಿತೆಂದು ಅವನು ಕೇಳಿರಲಿಲ್ಲ.

"ನಿಮ್ಮಮ್ಮ ನೋಡ್ತಾಳಲ್ಲ," ಎಂದ.

"ಅಮ್ಮ ಆ ಪಕ್ಕದ ಗ್ಯಾಲರಿಯಲ್ಲಿ ಕೂತಿರ್ತಾಳೆ. ಹೊಡೆಯೋವಾಗ ನನ್ನ ಎದುರಿಗೆ ಇರೋನು ನೀನು."

"ನಾನು ನೋಡಿದ್ರೆ ತಪ್ಪಿಹೋಗತ್ತೆ ಕಣೆ."

"ತಪ್ಪಿದ್ರೆ ನಾನು ತಪ್ಪಿದ್ದು. ನಿನ್ನ ಕಣ್ಣಿಂದಲ್ಲ," ಎಂದು ಚೀಲ ಸರಿಮಾಡಿಕೊಂಡು ಬೀದಿಗಿಳಿದಳು. ನೋಡ್ತೀನಿ ಎಂದಾಗಲಿ ಇಲ್ಲ ಎಂದಾಗಲಿ ಹೇಳಲು ಅವನಿಗೆ ಪುರುಸೊತ್ತು ಕೊಡಲಿಲ್ಲ.

ಅದು ಅದೃಷ್ಟದ ಮಾತಷ್ಟೇ ಆಗಿದ್ದರೆ ಅವನು ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಮಗಳು ಮೊಣಕಾಲೆತ್ತರವಿದ್ದಾಗ ಅಂಗಡಿಯ ರೋಲಿಂಗ್ ಶಟರ್ ಅನ್ನೇ ಗೋಲು ಮಾಡಿಕೊಂಡು ಒದೆಯುತ್ತಿದ್ದಳು. ಬೀದಿಗೆಲ್ಲ ಕೇಳುವ ಹಾಗೆ ಶಟರ್ ಧಡಾರೆನ್ನುತ್ತಿತ್ತು. ಈಗ ಪೆನಾಲ್ಟಿ ಅಪ್ಪ ಎಂದು ಅವಳು ಸಾರಿದ ಕೂಡಲೇ ಅವನು ಆ ಬೀದಿಯಲ್ಲೂ ಬೆನ್ನು ತಿರುಗಿಸಿ ಎದುರು ಮನೆಯ ಕಿಟಕಿ ನೋಡುತ್ತ ನಿಲ್ಲುತ್ತಿದ್ದ. ಅಲ್ಲಿ ಯಾವ ಕಪ್ಪೂ ಇರಲಿಲ್ಲ, ಯಾವ ಅದೃಷ್ಟವೂ ಬೇಕಿರಲಿಲ್ಲ. ಮಗಳು ತಪ್ಪುವುದನ್ನು ಕಣ್ಣಾರೆ ನೋಡಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಗೋಡೆ ಗ್ಯಾಲರಿಯ ಪದ್ಧತಿ ಅವನ ಹೆದರಿಕೆಗೆ ಒಳ್ಳೆಯ ಮರೆಯಾಗಿತ್ತು. ಇಷ್ಟು ವರ್ಷ ಅವನು ಅದರ ಹಿಂದೆ ಬೆಚ್ಚಗೆ ಇದ್ದ.

ಆಟ ಶುರುವಾದದ್ದೂ ಗ್ಯಾಲರಿಯವರಿಗೆ ಸರಿಯಾಗಿ ಗೊತ್ತಾಗಲಿಲ್ಲ. ಮಿಡತೆಯ ಸೆಮಿಫೈನಲ್ ಮಾತು ಮುಗಿದ ಮೇಲೆ ಮಂಜು ಕವಿದಿದ್ದ ಒಂದು ಹಳೆಯ ಕ್ವಾರ್ಟರ್ ಫೈನಲ್ ಮಾತು ಬಂತು, ಅದರಲ್ಲಿ ನಮ್ಮ ಗೋಲ್‌ಕೀಪರ್ ಆಟ ಮುಗಿದದ್ದೇ ತಿಳಿಯದೆ ಒಬ್ಬನೇ ನಿಂತಿದ್ದ ಕಥೆ ಬಂತು. ಯಾರನ್ನೋ ಹೆಗಲ ಮೇಲೆ ಹೊತ್ತು ಬೀದಿ ಸುತ್ತಿಸಿ, ಆಮೇಲೆ ನೋಡಿದರೆ ಅವನು ಆಟಗಾರನೇ ಅಲ್ಲ, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು ಎಂದು ಗೊತ್ತಾದ ಕಥೆಯೂ ಬಂತು. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗುವಿನ ನಡುವೆಯೇ ನದಿಯಾಚೆಯವರು ಒಂದು ಗೋಲು ಹೊಡೆದರು. ದೂರದ ಮೂಲೆಯಿಂದ ಕೂಗು ಕೇಳಿ ಕೆಲವರು ಏನಾಯಿತೆಂದು ತಲೆ ಎತ್ತಿದರು, ಅಷ್ಟೇ.

ಬೀಗದಣ್ಣನಿಗೆ ಹೊಟ್ಟೆ ಉರಿಯಿತು. ಇಡೀ ಊರು ಬಂದು ಕೂತಿದೆ, ಕಣ್ಣು ಮಾತ್ರ ಇಲ್ಲಿಲ್ಲ. ಕೆಳಗೆ ಮಗಳು ಎಡಗಡೆಯ ಗೆರೆಯುದ್ದಕ್ಕೂ ಓಡಿ ಓಡಿ ಬೆವರಿಳಿಸುತ್ತಿದ್ದಳು. ಅವಳ ಅಂಗಿ ಗಂಡಸರ ತಂಡದ ಹಳೆಯದು. ದರ್ಜಿಯಕ್ಕ ಹೆಗಲು ಬಿಚ್ಚಿ, ಬದಿ ಹಿಡಿದು, ತೋಳು ಕತ್ತರಿಸಿ ಹನ್ನೊಂದು ಅಂಗಿಗಳನ್ನೂ ಹುಡುಗಿಯರ ಅಳತೆಗೆ ತಂದಿದ್ದಳು.

ಅರ್ಧ ಆಟ ಮುಗಿಯುವ ಮುಂಚೆ ಒಮ್ಮೆ ಮಗಳಿಗೆ ಚೆಂಡು ಸಿಕ್ಕಿತು. ಅವಳು ಒಬ್ಬಳನ್ನು ದಾಟಿದಳು, ಇನ್ನೊಬ್ಬಳು ಅಡ್ಡ ಬಂದಾಗ ನಿಂತಂತೆ ಮಾಡಿ ಅವಳನ್ನೂ ದಾಟಿದಳು, ಮೂರನೆಯವಳ ಕಾಲಸಂದಿಯಿಂದ ಚೆಂಡನ್ನು ಮುಂದೆ ತಳ್ಳಿಕೊಂಡು ಓಡಿದಳು. ಕೊನೆಯಲ್ಲಿ ಹೊಡೆತ ಹೊರಗೆ ಹೋಯಿತು. ಆದರೆ ದರ್ಜಿಯಕ್ಕ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟಿದ್ದಳು. ಬೇಕರಿ ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಲ್ಲಿಂದ ಮುಂದೆ ನೆನಪುಗಳ ಮಾತು ಒಂದೊಂದಾಗಿ ಆರಿಹೋಯಿತು. ಎರಡನೆಯ ಅರ್ಧ ಶುರುವಾಗುವ ಹೊತ್ತಿಗೆ ಗ್ಯಾಲರಿ ತನ್ನ ಹಳೆಯ ದನಿಗೆ ಬಂದಿತ್ತು. ರೆಫರಿಯ ಕಣ್ಣಿಗೆ ಬೈಗುಳ, ನಮ್ಮ ಹುಡುಗಿಯರಿಗೆ ಉಪದೇಶ, ಎದುರಾಳಿಗಳ ಕೋಚ್‌ನ ಟೋಪಿಯ ಬಗ್ಗೆ ಒಂದು ಹಾಡು.

ಮಗಳು ಮೂಲೆಯಿಂದ ತೂಗಿ ಬಿಟ್ಟ ಚೆಂಡಿಗೆ ನಮ್ಮ ಉದ್ದದ ಹುಡುಗಿ ತಲೆ ಕೊಟ್ಟಳು. ಬಲೆ ಅಲುಗಿತು. ಗೋಡೆ ಗ್ಯಾಲರಿ ಎಂಥ ಕೂಗು ಹಾಕಿತೆಂದರೆ ಮೈದಾನದ ಹೊರಗಿನ ಮರದ ಹಕ್ಕಿಗಳೆಲ್ಲ ಎದ್ದವು. ಪಂಕ್ಚರ್ ಬೀಗದಣ್ಣನ ಕುತ್ತಿಗೆಗೆ ಜೋತುಬಿದ್ದ.

"ಆ ಮೂಲೆಯಿಂದ ಹೊಡೆದದ್ದು ನಿನ್ನ ಮಗಳಾ?"

"ಹೂಂ."

"ಇಂಥ ಮಗಳಿದಾಳೆ ಅಂತ ಒಂದು ಮಾತು ಹೇಳಬಾರದೇನೋ?"

"ಎಷ್ಟು ವರ್ಷದಿಂದ ಹೇಳ್ತಾ ಇದೀನಿ," ಎಂದ ಬೀಗದಣ್ಣ. "ನೀನು ಹಲ್ಲಿ ವಿಷಯ ತೆಗೀತೀಯ."

ಅವನ ಎದೆ ಅಷ್ಟಗಲವಾಗಿತ್ತು. ಮಗಳ ಹೆಸರು ಗ್ಯಾಲರಿಯ ಬಾಯಿಗೆ ಬಂದಿತ್ತು, ಚಪ್ಪಾಳೆಯ ತಾಳಕ್ಕೆ ಕೂತಿತ್ತು. ಮಿಡತೆಗೆ ಹಾಕಿದ್ದ ಅದೇ ತಾಳ. ಇಷ್ಟು ಸಿಕ್ಕಿದ ಮೇಲೆ ಇನ್ನೇನು ಬೇಕು, ಪೆನಾಲ್ಟಿ ಒಂದು ಸಿಗದೆ ಇನ್ನೊಂದು ಗೋಲು ಬಿದ್ದು ಆಟ ಮುಗಿದರೆ ಸಾಕು ಎಂದು ಅವನು ಒಳಗೊಳಗೇ ಹಾರೈಸಿದ. ಗೆದ್ದರೂ ಬೇರೆ ಯಾವ ರೀತಿಯಲ್ಲಾದರೂ ಗೆಲ್ಲಲಿ.

ಆಟ ಇನ್ನೇನು ಮುಗಿಯಬೇಕು ಎನ್ನುವಾಗ, ಗೋಡೆಯ ಕಡೆಯ ಗೋಲಿನ ಮುಂದೆಯೇ, ನದಿಯಾಚೆಯ ಹುಡುಗಿಯೊಬ್ಬಳ ಮೊಣಕೈಗೆ ಚೆಂಡು ತಾಗಿತು. ರೆಫರಿ ಸೀಟಿ ಊದಿ, ಕೈ ನೀಟಾಗಿ ಚಾಚಿ, ಸುಣ್ಣದ ಚುಕ್ಕೆಯನ್ನು ತೋರಿಸಿದಳು.

ಒಂದು ಕೂಗು ಎದ್ದು, ಅದು ಮುಗಿಯುವ ಮೊದಲೇ ಗೋಡೆ ಗ್ಯಾಲರಿ ಸದ್ದಿಲ್ಲದೆ ತಿರುಗತೊಡಗಿತು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕೆಳಗಿನ ಮೆಟ್ಟಿಲಿನಿಂದ ಮೇಲಿನವರೆಗೆ ಸಾಲುಸಾಲಾಗಿ ಜನ ಮೈದಾನಕ್ಕೆ ಬೆನ್ನು ಹಾಕಿ, ಮೊಣಕೈಗೆ ಮೊಣಕೈ ಕೊಟ್ಟು ನಿಂತರು. ಬೀಗದಣ್ಣನ ಮೈಯೂ ಅವನನ್ನು ಕೇಳದೆ ತಿರುಗಿತು. ಬಲಗಡೆ ಪಂಕ್ಚರ್, ಎಡಗಡೆ ದರ್ಜಿಯಕ್ಕ. ಅವರು ಯಾವಾಗಲೂ ನಿಲ್ಲುವುದು ಮೇಲಿನ ಮೆಟ್ಟಿಲು. ಮೂಗಿನ ಮುಂದೆ ಗೋಡೆ. ಪಾಚಿ ಒಣಗಿ ಸುಲಿದಿತ್ತು, ಯಾವುದೋ ಕಾಲದ ಬಣ್ಣದ ಒಂದು ಚೂರು ಉಳಿದಿತ್ತು. ಅದನ್ನೇ ನೋಡುತ್ತ ನಿಂತರೆ ಎಲ್ಲವೂ ಸುಲಭ. ಕೂಗು ತಾನಾಗಿ ಬರುತ್ತದೆ.

ಕೆಳಗೆ ಎದುರಾಳಿ ಹುಡುಗಿಯರು ರೆಫರಿಯನ್ನು ಮುತ್ತಿಕೊಂಡು ವಾದ ಮಾಡುತ್ತಿದ್ದ ಸದ್ದು ಬರುತ್ತಿತ್ತು. ಅಂದರೆ ಮಗಳು ಈಗ ಚೆಂಡು ಕಂಕುಳಲ್ಲಿಟ್ಟುಕೊಂಡು ಕಾಯುತ್ತಿದ್ದಾಳೆ. ಕಾಯುತ್ತ ಈ ಕಡೆ ನೋಡುತ್ತಿದ್ದಾಳೆ. ಹೋದ ಸಲ ಎರಡು ಬೆನ್ನು. ಈ ಸಲ ಊರಿನ ಬೆನ್ನೆಲ್ಲ.

"ನಾನು ತಿರುಗ್ತೀನಿ," ಎಂದ ಬೀಗದಣ್ಣ.

"ಏನು?" ಎಂದ ಪಂಕ್ಚರ್.

"ಅವಳು ನೋಡು ಅಂದಿದಾಳೆ."

ಪಂಕ್ಚರ್ ಅವನ ಮೊಣಕೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ. ಗೋಡೆಯ ಮೇಲಿನ ಕಣ್ಣು ಕೀಳದೆ, ಹಲ್ಲಿನ ಸಂದಿಯಿಂದ ಮಾತಾಡಿದ. "ಹುಚ್ಚು ಹಿಡೀತಾ ನಿನಗೆ? ಇದು ಈ ಗ್ರೌಂಡಿನ ಕೊನೇ ಪೆನಾಲ್ಟಿ. ತಪ್ಪಿದ್ರೆ ಸಾಯೋ ತನಕ ನಿನ್ನ ಹೆಸರೇ ಹೇಳ್ತಾರೆ. ನಾನೂ ಹೇಳ್ತೀನಿ."

ಅದು ಸುಳ್ಳಲ್ಲ ಎಂದು ಬೀಗದಣ್ಣನಿಗೆ ಗೊತ್ತಿತ್ತು. ಬೇಕರಿ ಯಜಮಾನರ ಅಳಿಯ ಈಗ ನಾಲ್ಕು ಮಕ್ಕಳ ತಂದೆ, ಅರ್ಧ ತಲೆ ನೆರೆತಿದೆ, ಇವತ್ತಿಗೂ ಅವನು ಕದ್ದು ನೋಡಿದವನೇ. ಅವನಿಗೆ ಜನರ ಭಯವೂ ಇತ್ತು, ಜನರಿಗಿಂತ ಹೆಚ್ಚಾಗಿ ಆ ಚೆಂಡಿನ ಭಯ ಇತ್ತು. ಆದರೂ ಅವನು ಎಡಗೈ ಎಳೆದುಕೊಂಡ. ದರ್ಜಿಯಕ್ಕ ಮೊದಲು ಬಿಡಲಿಲ್ಲ. ಆಮೇಲೆ ಅವಳು ತಾನಾಗಿಯೇ ತೋಳು ಸಡಿಲಿಸಿದಳು.

"ಬಿಡೋ ಅವನ್ನ," ಎಂದಳು ಪಂಕ್ಚರ್‌ಗೆ. "ಮಗಳು ಕರೆದಿದಾಳೆ ಅಂದ್ನಲ್ಲ."

ಬೀಗದಣ್ಣ ತಿರುಗಿದ.

ಒಂದು ವಿಷಯವನ್ನು ಅವನು ಯೋಚಿಸಿರಲೇ ಇಲ್ಲ. ಇಷ್ಟು ವರ್ಷದಲ್ಲಿ ಆ ಗ್ಯಾಲರಿಯಲ್ಲಿ ಯಾರೂ ಯೋಚಿಸಿರಲಿಲ್ಲ. ಅವನು ನಿಂತದ್ದು ಮೇಲಿನ ಮೆಟ್ಟಿಲು. ಕೆಳಗಿನವರೆಲ್ಲ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದರು. ಅಂದರೆ ಅವನ ಕಡೆಗೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಹೋದ ನೂರಾರು ಮುಖಗಳು ಒಟ್ಟಿಗೇ ಅವನನ್ನು ನೋಡಿದವು. ಕೆಲವು ಹುಬ್ಬು ಗಂಟಿಕ್ಕಿದವು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಮುಂದಿನ ಸಾಲಿನಲ್ಲೇ ಇದ್ದ ಬೇಕರಿ ಯಜಮಾನರು, ತಿರುಗಯ್ಯ, ಗ್ರಹಚಾರ ಎಂದು ಬಾಯಲ್ಲಿ ಸದ್ದಿಲ್ಲದೆ ಹೇಳಿದರು. ಅವನು ಅವರ ಬೋಳು ತಲೆಯ ಮೇಲಿಂದ, ಎಲ್ಲ ತಲೆಗಳ ಮೇಲಿಂದ, ಬಲೆಯಾಚೆ ನೋಡಿದ.

ಮಗಳು ಚೆಂಡು ಇಟ್ಟಿದ್ದಳು. ತಲೆ ಬಗ್ಗಿಸಿಕೊಂಡೇ ಹಿಂದಕ್ಕೆ ಹೆಜ್ಜೆ ಹಾಕಿದಳು. ನಿಂತಳು. ಗ್ಯಾಲರಿಯ ಕಡೆ ನೋಡಬಾರದೆಂದು ಹಟ ಹಿಡಿದವಳ ಹಾಗೆ ನೆಲ ನೋಡುತ್ತಿದ್ದಳು. ಅವನು ಕೈಯನ್ನು ಮೇಲಕ್ಕೆತ್ತಿ ಹಿಡಿದ. ಅಂಗಡಿಯ ಹಿತ್ತಾಳೆಯ ಪುಡಿ ಇನ್ನೂ ಅಂಟಿಕೊಂಡಿದ್ದ ಕೈ.

ಅವಳು ತಲೆ ಎತ್ತಿದಳು.

ಮೊದಲು ಅವಳ ಕಣ್ಣು ಬೆನ್ನುಗಳ ಮೇಲೆ ಸುಮ್ಮನೆ ಹರಿದುಹೋಯಿತು. ಆಮೇಲೆ ಮೇಲೆ, ಗೋಡೆಯ ಬುಡದಲ್ಲಿ, ಒಂದೇ ಒಂದು ಮುಖದ ಮೇಲೆ ನಿಂತಿತು. ಅಷ್ಟು ದೂರದಿಂದಲೂ ಬೀಗದಣ್ಣನಿಗೆ ಅವಳ ಮುಖ ಬದಲಾದದ್ದು ಕಂಡಿತು. ತುಟಿಯ ಬಿಗಿ ಸಡಿಲಿತು. ಭುಜ ಇಳಿಯಿತು. ಶಟರಿನ ಮುಂದೆ ನಿಂತು ಒದೆಯುವ ಮುಂಚೆ ಕೆಳತುಟಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತಿದ್ದಳಲ್ಲ, ಹಾಗೆ ಎಳೆದಳು. ಅವಳು ಹಾಗೆ ಮಾಡುತ್ತಾಳೆಂದು ಹೆಂಡತಿ ಹೇಳಿ ಅವನಿಗೆ ಗೊತ್ತಿತ್ತೇ ಹೊರತು ಕಂಡಿರಲಿಲ್ಲ. ಎಷ್ಟು ಚೆನ್ನಾಗಿದ್ದಾಳೆ ಎಂದುಕೊಂಡ. ಇದನ್ನು ಬಿಟ್ಟು ನಾನು ಯಾರದೋ ಮನೆಯ ಕಿಟಕಿ ನೋಡುತ್ತ ನಿಂತಿದ್ದೆನಲ್ಲ ಎಂದುಕೊಂಡ. ಅವಳು ಓಡಿ ಬಂದಳು.

ಅವನ ಮುಂದಿದ್ದ ನೂರಾರು ಮಂದಿ ಆ ಪೆನಾಲ್ಟಿಯನ್ನು ನೋಡಿದ್ದು ಅವನ ಮುಖದಲ್ಲಿ. ಹುಬ್ಬು ಮೇಲೇರಿದ್ದನ್ನು ನೋಡಿದರು, ಉಸಿರು ನಿಂತದ್ದನ್ನು ನೋಡಿದರು. ಆಮೇಲೆ ಆ ಮುಖ ಇದ್ದಕ್ಕಿದ್ದಂತೆ ಅರಳಿಬಿಟ್ಟಿತು. ಮೂರು ಕಡೆಯ ಕೂಗು ಅವರ ಕಿವಿ ತಲುಪುವ ಮೊದಲೇ ಬೇಕರಿ ಯಜಮಾನರು ಗೋಲು ಎಂದು ಕಿರುಚಿದ್ದರು. ಗೋಡೆ ಗ್ಯಾಲರಿ ಅಂದು ಕೂಗಿದಷ್ಟು ಎಂದೂ ಕೂಗಿರಲಿಲ್ಲ, ಮಳೆಯ ಫೈನಲ್‌ನಲ್ಲೂ ಇಲ್ಲ, ಮಿಡತೆಯ ಕಾಲದಲ್ಲೂ ಇಲ್ಲ. ಪಂಕ್ಚರ್ ಮಾತ್ರ ಇನ್ನೂ ಗೋಡೆಗೆ ಮುಖ ಮಾಡಿಕೊಂಡು, ಆಯ್ತಾ, ನಿಜವಾಗ್ಲೂ ಆಯ್ತಾ ಎಂದು ಗೋಡೆಯನ್ನೇ ಕೇಳುತ್ತಿದ್ದ. ದರ್ಜಿಯಕ್ಕ ಅವನನ್ನು ಹಿಡಿದು ತಿರುಗಿಸಬೇಕಾಯಿತು. ತಿರುಗಿದವನೇ ಅವನು ಬೀಗದಣ್ಣನನ್ನು ಎತ್ತಲು ಹೋಗಿ, ಆಗದೆ, ಇಬ್ಬರೂ ಮೆಟ್ಟಿಲ ಮೇಲೆ ಕುಕ್ಕರಿಸಿದರು. ಕೂತಲ್ಲೇ ಇಬ್ಬರೂ ಅತ್ತರು.

ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ ಆಯಿತು. ಕಪ್ ನಮ್ಮದಾಯಿತು. ಬೇಲಿಯ ಬಾಗಿಲು ತೆಗೆದವರು ಯಾರೋ, ಹೇಗಿದ್ದರೂ ಕೆಡವುವ ಮೈದಾನ ತಾನೇ ಎಂದು ಯಾರೂ ತಡೆಯಲಿಲ್ಲ. ಜನ ಹುಲ್ಲಿಗಿಳಿದರು. ಇಷ್ಟು ವರ್ಷ ಮೇಲಿಂದ ನೋಡಿದ್ದ ಹುಲ್ಲನ್ನು ಕೆಲವರು ಬಗ್ಗಿ ಮುಟ್ಟಿ ನೋಡಿದರು. ಹುಡುಗಿಯರು ಕಪ್ಪನ್ನು ಕೈಯಿಂದ ಕೈಗೆ ದಾಟಿಸುತ್ತ ಸುತ್ತು ಬಂದರು. ಬೇಕರಿ ಯಜಮಾನರು ನಾಳೆ ಬೆಳಿಗ್ಗೆ ಇಡೀ ತಂಡಕ್ಕೆ ತಮ್ಮಲ್ಲಿ ಬನ್ನು ಚಹಾ ಎಂದು ಸಾರಿದರು. ಬೀಗದಣ್ಣನ ಹೆಂಡತಿ ಪಕ್ಕದ ಗ್ಯಾಲರಿಯಿಂದ ಇಳಿದು ಬಂದು ಗಂಡನ ಮುಖವನ್ನು ಎರಡು ಗಳಿಗೆ ನೋಡಿದಳು, ಅವನ ಅಂಗಿಯ ಕಾಲರ್ ಸರಿಮಾಡಿದಳು.

ಮಗಳು ಬಂದಾಗ ಅವಳ ಕಾಲಲ್ಲಿ ಬೂಟಿರಲಿಲ್ಲ. ಎರಡನ್ನೂ ದಾರದಿಂದ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು. ಅಪ್ಪನ ಮುಂದೆ ನಿಂತು ನಗುತ್ತ ಕೇಳಿದಳು.

"ನೋಡಿದೆಯಾ?"

"ನೋಡಿದೆ."

ಅಷ್ಟರಲ್ಲಿ ಗೋಡೆ ಗ್ಯಾಲರಿಯ ಹಳಬರೆಲ್ಲ ಅವನನ್ನು ಸುತ್ತುವರಿದಿದ್ದರು. ಅವರಿಗೆ ಒಂದು ತುರ್ತು ಕೆಲಸವಿತ್ತು. ಪದ್ಧತಿ ಬಂದ ಮೇಲೆ ಆ ಗ್ಯಾಲರಿಯಿಂದ ನಮ್ಮವರ ಪೆನಾಲ್ಟಿಯನ್ನು ರಾಜಾರೋಷವಾಗಿ ಕಂಡ ಮನುಷ್ಯ ಇವನೊಬ್ಬನೇ. ಚೆಂಡು ಯಾವ ಕಡೆ ಹೋಯಿತು, ಎಡಕ್ಕೋ ಬಲಕ್ಕೋ, ಎತ್ತರಕ್ಕೋ ನೆಲಕ್ಕೋ, ಗೋಲ್‌ಕೀಪರ್ ಯಾವ ಪಕ್ಕ ಬಿದ್ದಳು, ಎಲ್ಲವನ್ನೂ ಬಿಡಿಸಿ ಹೇಳಬೇಕೆಂದು ಪಂಕ್ಚರ್ ಅವನ ಭುಜ ಹಿಡಿದು ಅಲುಗಿಸಿದ.

ಬೀಗದಣ್ಣ ಗೋಲಿನ ಕಡೆ ನೋಡಿದ. ಮತ್ತೆ ನೆನಪು ಮಾಡಿಕೊಂಡ.

"ಗೊತ್ತಿಲ್ಲ," ಎಂದ.

"ಗೊತ್ತಿಲ್ಲ ಅಂದ್ರೆ? ನೋಡಿದೆ ಅಂದೆ?"

"ನೋಡಿದೆ. ಚೆಂಡು ನೋಡಲಿಲ್ಲ," ಎಂದು ಅವನು ಮಗಳ ಕಡೆ ಕೈ ತೋರಿಸಿದ. "ಇವಳ ಮುಖ ನೋಡ್ತಾ ಇದ್ದೆ."

ಪಂಕ್ಚರ್ ತಲೆ ಮೇಲೆ ಕೈ ಹೊತ್ತುಕೊಂಡ. ದರ್ಜಿಯಕ್ಕ ನಗಲು ಶುರುಮಾಡಿದವಳು ನಿಲ್ಲಿಸಲಾಗದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಮಗಳು ನಗಲಿಲ್ಲ. ಬೂಟುಗಳನ್ನು ಕುತ್ತಿಗೆಯಿಂದ ತೆಗೆದು ಅವನ ಕೈಗೆ ಕೊಟ್ಟು, ಯಾರ ಕಾಲ ಬಳಿಯೋ ಬಿದ್ದಿದ್ದ ಚೆಂಡನ್ನು ಎತ್ತಿಕೊಂಡು, ಸುಣ್ಣದ ಚುಕ್ಕೆಯ ಕಡೆ ನಡೆದಳು. ಅವಳು ಏನು ಮಾಡುತ್ತಿದ್ದಾಳೆಂದು ಮೊದಲು ತಿಳಿದದ್ದು ಪಂಕ್ಚರ್‌ಗೆ. ಅವನು ಪ್ಯಾಂಟು ಮೇಲಕ್ಕೆ ಮಡಚಿಕೊಂಡು ಓಡಿಹೋಗಿ ಗೋಲುಕಂಬಗಳ ನಡುವೆ ತೋಳು ಚಾಚಿ ನಿಂತ.

ಹಳಬರು ಒಬ್ಬೊಬ್ಬರಾಗಿ ಬಲೆಯ ಹಿಂದೆ ಸೇರಿದರು. ಅಭ್ಯಾಸಬಲದಿಂದ ಮೊಣಕೈಗೆ ಮೊಣಕೈ ಸಿಕ್ಕಿಸಿಕೊಂಡರು. ಬೇಕರಿ ಯಜಮಾನರು ಅರ್ಧ ತಿರುಗಿದವರು ದರ್ಜಿಯಕ್ಕ ಗದರಿಸಿದ ಮೇಲೆ ಮತ್ತೆ ಈ ಕಡೆ ತಿರುಗಿದರು. ಸಂಜೆಯ ಬಿಸಿಲು ಅವರ ಮುಖಗಳ ಮೇಲೆ ನೇರವಾಗಿ ಬೀಳುತ್ತಿತ್ತು, ಆದರೂ ಯಾರೂ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ಮಗಳು ಕಾಲುಚೀಲದ ಕಾಲಲ್ಲಿ ಚೆಂಡನ್ನು ಒಮ್ಮೆ ಹೊರಳಿಸಿ ನಿಲ್ಲಿಸಿ, ಹಿಂದಕ್ಕೆ ಸರಿದು, ಅವರೆಲ್ಲ ಸರಿಯಾಗಿ ನಿಲ್ಲುವವರೆಗೆ ಕಾದಳು.